ಮಡಿಲು, ಸೀಟು ಮತ್ತು ತೂಕ



ಮೊಮ್ಮಗಳಿಗೆ ಲಸಿಕೆ ಹಾಕಿಸಲು ಪರೇಲ್‌ನಲ್ಲಿ ಕಾರು ಹತ್ತುವಾಗಲೆಲ್ಲ ಅವಳನ್ನು ಮಡಿಲಲ್ಲೇ ಕೂರಿಸಿಕೊಳ್ಳುತ್ತಿದ್ದೆ. ಒಂದು ದಿನ ಸೊಸೆ, "ಅತ್ತೆ, ಲೆಕ್ಕ ಹಾಕಿ ನೋಡಿ" ಎಂದಳು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ನನ್ನ ಕೈಯಲ್ಲಿ ಅದೆಲ್ಲಿದೆ?

ಸೀಟು ಕೊಳ್ಳಲು ಹೋದಾಗ ಎಲ್ಲಕ್ಕಿಂತ ಭಾರದ್ದನ್ನೇ ಆರಿಸಿದೆ. ಪಾತ್ರೆಯ ಹಾಗೆ, ಭಾರವಿದ್ದರೆ ಗಟ್ಟಿ ಎಂಬ ನಂಬಿಕೆ! ಅದೂ ತಪ್ಪು. ಡಿಕ್ಕಿಯಲ್ಲಿ ಮಗುವಿನ ಜೊತೆ ಸೀಟಿನ ತೂಕವೂ ಮುಂದಕ್ಕೆ ನುಗ್ಗುತ್ತದೆ. ಎರಡನ್ನೂ ಕಾರಿನ ಕೊಂಡಿಗಳೇ ತಡೆಯಬೇಕು. ಅದಕ್ಕೇ ಯುರೋಪಿನ ಐ-ಸೈಜ್ ನಿಯಮದಲ್ಲಿ, ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ ಒಳಬೆಲ್ಟಿನಿಂದ ಮಗುವನ್ನು ಬಿಗಿಯುವ ಸೀಟಿಗೆ ಮಗುವೂ ಸೇರಿ 33 ಕಿಲೋ ಮಿತಿ. ಸೀಟೇ 13 ಕಿಲೋ ಇದ್ದರೆ ಮಗುವಿಗೆ ಉಳಿಯುವುದು 20.

ಆದ್ದರಿಂದ ಭಾರ ನೋಡಿ ಮರುಳಾಗಬೇಡಿ. ಸೀಟಿನ ಚೀಟಿ ಓದಿ, ಮಗುವಿನ ಅಳತೆಗೆ ಹೊಂದುತ್ತದೆಯೇ ನೋಡಿ, ಅಲುಗಾಡದಂತೆ ಬಿಗಿಯಿರಿ. 2019ರ ಕಾನೂನು ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ದಂಡದ ಭಯಕ್ಕಲ್ಲ, ಮಗುವಿಗಾಗಿ ಕಟ್ಟಿರಿ. ಮಡಿಲು ಮನೆಯಲ್ಲಿ ಕಾಯುತ್ತಿರಲಿ.