ಮಕ್ಕಳ ಕೈಯಲ್ಲಿ ಕ್ಯಾಮೆರಾ

(ಹೈದರಾಬಾದಿನ ಕನ್ನಡಿಗರ ಸಭೆಯಲ್ಲಿ, ಮಕ್ಕಳ ದಿನಾಚರಣೆಯಂದು ಮಾಡಿದ ಭಾಷಣದ ಪಠ್ಯ)



ಮಕ್ಕಳ ಚಲನಚಿತ್ರೋತ್ಸವವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಈ ನಗರದಲ್ಲಿ ನೆಲೆಸಿದ ನಮಗೆ ಇದು ಪರಸ್ಥಳದ ಸುದ್ದಿಯಲ್ಲ. ನೆಹರೂ ಅವರ ಆಸಕ್ತಿಯಿಂದ 1955ರಲ್ಲಿ ಸ್ಥಾಪಿತವಾದ ಬಾಲ ಚಿತ್ರ ಸಮಿತಿಯು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆರಂಭಿಸಿದ ಉತ್ಸವವು ಹಲವು ನಗರಗಳಲ್ಲಿ ನಡೆದು, 1995ರಿಂದ ಹೈದರಾಬಾದನ್ನೇ ತನ್ನ ಮನೆಯಾಗಿಸಿಕೊಂಡಿತು. ಕೇಂದ್ರದ ಸಮಿತಿಯೂ ರಾಜ್ಯ ಸರ್ಕಾರವೂ ಕೂಡಿ ಎರಡು ವರ್ಷಕ್ಕೊಮ್ಮೆ ನಡೆಸುತ್ತಿದ್ದ ಆ ಉತ್ಸವದ ದಿನಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದು ಚಿತ್ರಮಂದಿರಗಳನ್ನು ತುಂಬುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ.

ಮಕ್ಕಳಿಗಾಗಿ ಹಿರಿಯರು ಚಿತ್ರ ತೆಗೆಯುವುದು ಹಳೆಯ ಸಂಗತಿ. ನಮ್ಮ ಬಿ.ವಿ. ಕಾರಂತರೂ ಈ ಸಮಿತಿಗಾಗಿ 'ಚೋರ್ ಚೋರ್ ಛುಪ್ ಜಾ' ನಿರ್ದೇಶಿಸಿದರು. ಕನ್ನಡದಲ್ಲಿ 'ಚಿನ್ನಾರಿ ಮುತ್ತ', 'ಕೊಟ್ರೇಶಿ ಕನಸು' ಬಂದವು. ಆದರೆ ಶಾಲೆಯ ಹುಡುಗ ಹುಡುಗಿಯರು ತಾವೇ ತೆಗೆದ ಚಿತ್ರಗಳಿಗೆ ಸರ್ಕಾರದ ಉತ್ಸವವೊಂದು 'ಲಿಟ್ಲ್ ಡೈರೆಕ್ಟರ್ಸ್' ಎಂಬ ಪ್ರತ್ಯೇಕ ಸ್ಪರ್ಧಾ ವಿಭಾಗವನ್ನೇ ತೆರೆದದ್ದು ನನ್ನ ದೃಷ್ಟಿಯಲ್ಲಿ ಬೇರೆಯೇ ತೂಕದ ಕಾರ್ಯ. ಮಗುವನ್ನು ಪ್ರೇಕ್ಷಕನ ಪೀಠದಿಂದ ಎಬ್ಬಿಸಿ ಕರ್ತೃವಿನ ಸ್ಥಾನದಲ್ಲಿ ಕೂರಿಸಲು ಸರ್ಕಾರಕ್ಕೂ ಧೈರ್ಯ ಬೇಕಷ್ಟೆ!

ಆ ಧೈರ್ಯ ನನಗೆ ಇರಲಿಲ್ಲವೆಂಬುದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನನ್ನ ಮೊಮ್ಮಗಳು ಹಾಗೂ ಅವಳ ಮೂವರು ಗೆಳತಿಯರು ಒಂದು ಬೇಸಿಗೆಯಲ್ಲಿ ಮೊಬೈಲಿನಲ್ಲಿ ಐದು ನಿಮಿಷದ ಚಿತ್ರ ತೆಗೆದರು. ನೀರಿಗಾಗಿ ಟ್ಯಾಂಕರ್ ಕಾಯುವ ಅಜ್ಜಿಯೊಬ್ಬಳ ಕಥೆ. ಹುಡುಗಿ ಮೆಟ್ಟಿಲಿಳಿದು ಓಡುತ್ತ, "ಅಜ್ಜೀ, ಟ್ಯಾಂಕರ್ ವಚ್ಚಿಂದಿ, ಬಕೆಟ್ ತಾ!" ಎಂದು ಕೂಗುತ್ತಾಳೆ. ಕನ್ನಡದ ವಾಕ್ಯದ ನಡುವೆ ತೆಲುಗಿನ ಕ್ರಿಯಾಪದ! ಸಂಘದ ಕನ್ನಡ ತರಗತಿಗಳಿಗೆ ಹತ್ತು ವರ್ಷ ಪಾಠ ಹೇಳಿದ ನಾನು ಸುಮ್ಮನಿರಲಾದೀತೆ? "ನೀರಿನ ವಾಹನ ಬಂದಿತು, ಪಾತ್ರೆಯನ್ನು ಕೊಡು" ಎಂದು ತಿದ್ದಿಸಿದೆ. ಕೊನೆಯಲ್ಲಿ ಜಲಸಂರಕ್ಷಣೆಯ ನಾಲ್ಕು ವಾಕ್ಯಗಳನ್ನೂ ಸೇರಿಸಿದೆ. ಮಕ್ಕಳು ವಿಧೇಯರಾಗಿ ಎಲ್ಲವನ್ನೂ ಮತ್ತೆ ಚಿತ್ರಿಸಿದರು. ಮುಗಿದ ಮೇಲೆ ಮೊಮ್ಮಗಳು, "ಅಜ್ಜಾ, ಇದು ನಿನ್ನ ಫಿಲ್ಮು," ಎಂದು ಮೊಬೈಲನ್ನು ನನ್ನ ಕೈಗಿತ್ತು ಹೊರಟುಹೋದಳು. ಆ ನಾಲ್ವರು ಮತ್ತೆ ಚಿತ್ರ ತೆಗೆಯಲಿಲ್ಲ.

ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳ ಕನ್ನಡ ಧಾರವಾಡದ್ದಾಗಲಿ ಮೈಸೂರಿನದಾಗಲಿ ಆಗಿರಲಾರದು. ಅದನ್ನು ತರಗತಿಯಲ್ಲಿ ತಿದ್ದೋಣ, ತಿದ್ದಲೇಬೇಕು. ಆದರೆ ಮಗು ತನ್ನ ಮನೆಯನ್ನು ತಾನು ಕಂಡಂತೆ ತೋರಿಸುವಾಗ, ಆ ಮನೆಯಲ್ಲಿ ಕೇಳುವ ನುಡಿಯನ್ನು ಅಳಿಸಿದರೆ ಉಳಿಯುವುದು ನಮ್ಮ ಬೋಧನೆಯೊಂದೇ. ಅಂಥ ಬೋಧನೆಯ ಚಿತ್ರಗಳಿಗೆ ಶಾಲಾ ವಾರ್ಷಿಕೋತ್ಸವಗಳು ಸಾಕು, ಉತ್ಸವ ಬೇಕಿಲ್ಲ.

ಆ ಉತ್ಸವದ ಗತಿ ಏನಾಯಿತೆಂದು ನೀವು ಕೇಳಬಹುದು. 2017ರ ನವೆಂಬರ್ 8ರಿಂದ 14ರವರೆಗೆ 20ನೆಯ ಉತ್ಸವ ಇಲ್ಲಿ ಜರುಗಿತು. ನಾವು ನಮ್ಮೂರಿನಲ್ಲಿ ಕಂಡ ಕೊನೆಯದು ಅದೇ. 2022ರಲ್ಲಿ ಸಮಿತಿಯು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ವಿಲೀನಕ್ಕೆ ಆಡಳಿತದ ಕಾರಣಗಳಿರಬಹುದು, ಅದರ ಚರ್ಚೆಗೆ ನಾನು ಇಳಿಯುವುದಿಲ್ಲ. ಮಕ್ಕಳ ವಿಭಾಗವನ್ನಾದರೂ ಈ ನಗರಕ್ಕೆ ಮರಳಿಸಬೇಕೆಂದು ಕೇಂದ್ರಕ್ಕೂ ತೆಲಂಗಾಣ ಸರ್ಕಾರಕ್ಕೂ ನಮ್ಮ ಸಂಘ ಮನವಿ ಸಲ್ಲಿಸಲಿ; ತೆಲುಗು, ಉರ್ದು, ಮರಾಠಿ ಸಂಘಗಳನ್ನೂ ಜೊತೆಗೆ ಕರೆಯಲಿ.

ಅಲ್ಲಿಯವರೆಗೆ, ಬರುವ ಭಾನುವಾರದಿಂದ ಸಂಘದ ಮಹಡಿಯ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ಏನು ತೆಗೆಯಬೇಕು, ಯಾವುದನ್ನು ತೋರಿಸಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಕರೆತರುವ ಪೋಷಕರಿಗೆ ಕೆಳಗೆ ಕಾಫಿಯ ವ್ಯವಸ್ಥೆ ಇದೆ. ನಾನೂ ಕೆಳಗೇ ಕುಳಿತಿರುತ್ತೇನೆ.