ಭಾವಕ್ಕೆ ತಕ್ಕ ಮಾತು
(ಶಾಲೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಕನ್ನಡದಲ್ಲಿ ಓದಿದ ಮಗು ನಾಳೆ ಕಾಲೇಜಿಗೆ ಹೋದಾಗ, ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಬಾಯಿಬಿಡಲಾರದೆ ನಿಂತೀತೇನೋ ಎಂಬ ಅಳುಕು ಇಲ್ಲಿ ನೆರೆದಿರುವ ಅನೇಕ ತಾಯ್ತಂದೆಯರಲ್ಲಿದೆ. ಆ ಅಳುಕನ್ನು ಹಗುರವೆಂದು ತಳ್ಳಿಹಾಕಲು ನಾನು ಬಂದಿಲ್ಲ. ಅದರ ಒಂದು ಮೂಲವನ್ನು ತೋರಿಸಬೇಕೆಂದು ಬಂದಿದ್ದೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷಿನ ವ್ಯಾಕರಣ ತಿಳಿದಿದೆ. ಪ್ರಾಣಿಗಳ, ಹಣ್ಣುಗಳ ಹೆಸರುಗಳು ಕಂಠಪಾಠವಾಗಿವೆ. ಬಾರದಿರುವುದು ‘ನನಗೆ ಹೀಗೆನಿಸುತ್ತದೆ’ ಎಂದು ಹೇಳುವ ಬಗೆ.

ನಾನು ಕಾಲೇಜು ಸೇರಿದ ಹೊಸತರಲ್ಲಿ ನಮ್ಮ ಮನೆಯಲ್ಲಿ ಒಂದು ಮದುವೆ ಒದಗಿತು. ಅಧ್ಯಾಪಕರೊಬ್ಬರ ಮುಂದೆ ಕೈಕಟ್ಟಿ ನಿಂತು, ‘ಐ ವಾಂಟ್ ಟೂ ಡೇಸ್ ಲೀವ್’ ಎಂದೆ. ಅವರ ಹುಬ್ಬು ಗಂಟಿಕ್ಕಿತು. ರಜೆಯೇನೋ ದೊರೆಯಿತು, ‘ಕೇಳುವ ರೀತಿಯನ್ನು ಮೊದಲು ಕಲಿ’ ಎಂಬ ಮಾತೂ ಜೊತೆಗೆ ದೊರೆಯಿತು. ನನ್ನ ತಪ್ಪೇನೆಂದು ಬಹುಕಾಲ ತಿಳಿಯಲಿಲ್ಲ. ಅದನ್ನೇ ಕನ್ನಡದಲ್ಲಿ ಕೇಳಿದ್ದರೆ, ‘ಎರಡು ದಿನ ರಜೆ ಬೇಕಾಗಿತ್ತು ಸಾರ್’ ಎನ್ನುತ್ತಿದ್ದೆ. ರಜೆ ಬೇಕಾದುದು ನಾಳೆಗೆ. ಮಾತು ಮಾತ್ರ ಭೂತಕಾಲದಲ್ಲಿ. ಅದು ನಮ್ಮ ವಿನಯ. ಇಂಗ್ಲಿಷರ ವಿನಯವೂ ಅಂತಹುದೇ. ‘ಐ ವುಡ್ ಲೈಕ್’, ‘ಕುಡ್ ಐ ಹ್ಯಾವ್’ ಎಂಬಲ್ಲಿನ ವುಡ್, ಕುಡ್ ಎಂಬವು ವಿಲ್, ಕ್ಯಾನ್ ಎಂಬವುಗಳ ಭೂತರೂಪಗಳೇ. ನಾನಾದರೋ ವಿನಯವನ್ನು ಕನ್ನಡದಲ್ಲಿಯೇ ಬಿಟ್ಟು, ಬೇಡಿಕೆಯನ್ನು ಮಾತ್ರ ಇಂಗ್ಲಿಷಿಗೆ ಒಯ್ದಿದ್ದೆ.

ನಮ್ಮಲ್ಲಿ ಗೌರವವು ಕ್ರಿಯಾಪದದ ಕೊನೆಯಲ್ಲಿಯೇ ಅಡಗಿರುತ್ತದೆ. ‘ಕುಳಿತುಕೊಳ್ಳಿರಿ’ ಎಂದರೆ ಸಾಕು, ಬೇರೆ ಮಾತು ಬೇಡ. ಇಂಗ್ಲಿಷಿನಲ್ಲಿ ಹಿಂದೆ ‘ದೌ’ ಎಂಬ ಏಕವಚನವಿತ್ತು. ಇಂದಿನ ಸಾಮಾನ್ಯ ಬಳಕೆಯಲ್ಲಿ ಹಿರಿಯರಿಗೂ ಕಿರಿಯರಿಗೂ ‘ಯು’ ಒಂದೇ. ಆದುದರಿಂದ ಅಲ್ಲಿ ಪ್ಲೀಸ್, ಥ್ಯಾಂಕ್ಯೂ ಎಂಬ ಬಿಡಿ ಮಾತುಗಳು ಆ ಕೆಲಸವನ್ನು ಮಾಡಬೇಕಾಗುತ್ತದೆ. ಅವನ್ನು ಬಿಟ್ಟ ನಮ್ಮ ಹುಡುಗ ಒರಟನಲ್ಲ. ಆದರೆ ಕೇಳುವವನಿಗೆ ಒರಟನಾಗಿ ತೋರುತ್ತಾನೆ.

ಇನ್ನು ಭಾವಗಳ ಮಾತು. ‘ನನಗೆ ಕೋಪ ಬಂತು’ ಎನ್ನುತ್ತೇವೆ. ನೆರೆಯ ತುಳುವರು ‘ಎಂಕ್ ಕೋಪ ಬತ್ತ್ಂಡ್’ ಎನ್ನುವರು. ಮಲಯಾಳಿಗಳು ‘ಎನಿಕ್ಕ್ ದೇಷ್ಯಂ ವನ್ನು’ ಎನ್ನುವರು. ಮೂರರಲ್ಲಿಯೂ ಕೋಪವು ಹೊರಗಿನಿಂದ ಬರುವ ಅತಿಥಿ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಐ ಆಮ್ ಆಂಗ್ರಿ’, ನಾನೇ ಕೋಪಗೊಂಡವನು. ಈ ಭೇದವನ್ನರಿಯದೆ, ಬೇಸರವಾದ ವಿದ್ಯಾರ್ಥಿಯು ‘ಐ ಆಮ್ ಬೋರಿಂಗ್’ ಎಂದುಬಿಡುತ್ತಾನೆ. ಅದರ ಅರ್ಥ, ‘ನಾನು ಇತರರಿಗೆ ಬೇಸರ ತರುವವನು’ ಎಂದು! ಬೇಸರಪಟ್ಟವನು ಬೋರ್ಡ್, ಬೇಸರಪಡಿಸುವುದು ಬೋರಿಂಗ್. ಇಂಟರೆಸ್ಟೆಡ್, ಇಂಟರೆಸ್ಟಿಂಗ್ ಎಂಬ ಜೋಡಿಯೂ ಹೀಗೆಯೇ.

ಆದರೂ ಮನುಷ್ಯನ ಮನಸ್ಸು ಎಲ್ಲೆಡೆಯೂ ಒಂದೇ. ‘ಸ್ಯಾಡ್’ ಎಂಬ ಪದಕ್ಕೆ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ತುಂಬಿದ, ತಣಿದ ಎಂಬ ಅರ್ಥವಿತ್ತು. ತಣಿದುದು ದಣಿವಾಗಿ, ದಣಿವು ದುಃಖವಾಯಿತು. ನಮ್ಮ ‘ಸಾಕು’ ಎಂಬ ತೃಪ್ತಿಯ ಮಾತೂ ‘ಸಾಕಾಗಿಹೋಯಿತು’ ಎಂಬ ನಿಟ್ಟುಸಿರಾಗಲಿಲ್ಲವೆ? ‘ಗ್ಲಾಡ್’ ಎಂದರೆ ಮೊದಲು ಹೊಳೆಯುವ ಎಂದರ್ಥ. ಸಂತೋಷವಾದವನ ಮುಖ ಬೆಳಗಿತೆಂದು ನಾವೂ ಹೇಳುತ್ತೇವೆ. ‘ಸಾರಿ’ ಎಂಬುದು ನೋವು ಎಂಬರ್ಥದ ಮೂಲದಿಂದ ಬಂದ ಪದ. ಗೆಳೆಯನ ಅಜ್ಜ ತೀರಿಕೊಂಡಾಗ ‘ಐ ಆಮ್ ಸಾರಿ’ ಎನ್ನುವುದು ತಪ್ಪೊಪ್ಪಿಗೆಯಲ್ಲ. ‘ನಿನ್ನ ನೋವು ನನಗೂ ತಟ್ಟಿತು’ ಎಂಬ ಸಾಂತ್ವನ.

ಅಭಿಪ್ರಾಯವನ್ನು ಹೇಳುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಮಳೆ ಬಂದೀತು’ ಎಂಬ ಸಂಭಾವನಾರ್ಥಕ ರೂಪವನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಒಂದೇ ಪದದಲ್ಲಿ ನಿಶ್ಚಯವೂ ಅಲ್ಲದ, ನಿರಾಕರಣೆಯೂ ಅಲ್ಲದ ಭಾವವನ್ನು ಅದು ಹಿಡಿದಿಟ್ಟಿದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಇಟ್ ಮೈಟ್ ರೇನ್’ ಎಂದೋ ‘ಐ ಥಿಂಕ್ ಇಟ್ ವಿಲ್ ರೇನ್’ ಎಂದೋ ಹೇಳಬೇಕು. ‘ಅಲ್ಲವೇನೋ’ ಎಂದು ನಾವು ಮೆಲ್ಲನೆ ಎಳೆಯುವ ಕಡೆ ಅವರು ‘ಐ ಆಮ್ ನಾಟ್ ಶ್ಯೂರ್’ ಎನ್ನುವರು. ‘ಐ ಆಮ್ ಅಫ್ರೇಡ್ ಐ ಕಾಂಟ್ ಕಮ್’ ಎಂದವನಿಗೆ ಭಯವೇನೂ ಇಲ್ಲ. ‘ಬರಲಾಗುವುದಿಲ್ಲವಲ್ಲ’ ಎಂಬಲ್ಲಿನ ‘ಅಲ್ಲ’ದಷ್ಟೇ ಅದರ ತೂಕ.

ಹೌದು, ಇಲ್ಲ ಎಂಬ ಎರಡು ಮಾತುಗಳೂ ನಮ್ಮನ್ನು ಮೋಸಗೊಳಿಸುತ್ತವೆ. ‘ನೀನು ನಿನ್ನೆ ಬರಲಿಲ್ಲವೆ?’ ಎಂದು ಕೇಳಿದರೆ, ಬಾರದವನು ‘ಹೌದು, ಬರಲಿಲ್ಲ’ ಎಂದು ಪ್ರಶ್ನೆಯನ್ನೊಪ್ಪುತ್ತಾನೆ. ಇಂಗ್ಲಿಷಿನಲ್ಲಿ ಅವನು ‘ನೋ, ಐ ಡಿಡಂಟ್’ ಎನ್ನಬೇಕು. ಅಲ್ಲಿ ಉತ್ತರವು ಪ್ರಶ್ನೆಯನ್ನಲ್ಲ, ನಡೆದ ಸಂಗತಿಯನ್ನು ಅನುಸರಿಸುತ್ತದೆ. ‘ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?’ ಎಂದಾಗ ಸೌಜನ್ಯದಿಂದ ‘ಯೆಸ್’ ಎಂದವನು, ಕಿಟಕಿ ತೆರೆಯಲು ತನಗೆ ಬೇಸರವೆಂದು ಹೇಳಿದಂತಾಯಿತು.

ಮಕ್ಕಳೆ, ಇದರಿಂದ ಹೆದರಬೇಡಿ. ಗಡಿನಾಡಿನ ನೀವು ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆಯನ್ನಾಡಿ ಬೆಳೆದವರು. ಯಾರೊಡನೆ ಯಾವ ಮಾತು ಸಲ್ಲುವುದೆಂಬ ಅರಿವು ನಿಮಗೆ ಆಗಲೇ ಇದೆ. ಅದೇ ಅರಿವನ್ನು ಇಂಗ್ಲಿಷಿಗೂ ತನ್ನಿ. ಪದವನ್ನು ತಿರುಗಿಸಬೇಡಿ; ಪದದ ಹಿಂದಿನ ಭಾವವನ್ನು ತಿರುಗಿಸಿ.

ತಾಯ್ತಂದೆಯರಲ್ಲಿ ಒಂದು ಅರಿಕೆ. ಸಂಜೆ ದೀಪ ಹಚ್ಚಿದ ಮೇಲೆ ಮಗುವನ್ನು ಕನ್ನಡದಲ್ಲಿಯೇ ಕೇಳಿರಿ: ‘ಇಂದು ನಿನಗೆ ಯಾವುದು ಸಂತೋಷ ತಂದಿತು? ಯಾವುದು ಸರಿಯೆನಿಸಲಿಲ್ಲ? ಏಕೆ?’ ಅದು ಹೇಳಿ ಮುಗಿಸುವವರೆಗೆ ನಡುವೆ ಬಾಯಿಹಾಕದೆ ಕೇಳಿರಿ. ಬಳಿಕ ಅದನ್ನೇ ಎರಡು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲಿ. ತಾಯ್ನುಡಿಯಲ್ಲಿ ಯಾರೂ ಅಭಿಪ್ರಾಯ ಕೇಳದ ಮಗುವಿಗೆ, ಇಂಗ್ಲಿಷಿನಲ್ಲಿ ಅಭಿಪ್ರಾಯ ಎಲ್ಲಿಂದ ಬಂದೀತು? ಮಗು ಮೂಕವಾಗುವುದು ಕನ್ನಡ ಮಾಧ್ಯಮದಿಂದಲ್ಲ, ಯಾರೂ ಕೇಳದಿರುವುದರಿಂದ.

ನನ್ನ ಮಾತು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ನಿಮ್ಮಲ್ಲಿ ಯಾರಾದರೊಬ್ಬರು ಎದ್ದುನಿಂತು, ‘ಐ ಸೀ ಯುವರ್ ಪಾಯಿಂಟ್ ಸರ್, ಬಟ್ ಐ ಡೋಂಟ್ ಕ್ವೈಟ್ ಅಗ್ರೀ’ ಎಂದು ತಲೆಯೆತ್ತಿ ನುಡಿದರೆ, ನಾನು ಇಲ್ಲಿಗೆ ಬಂದುದು ಸಾರ್ಥಕವಾಯಿತೆಂದು ತಿಳಿಯುವೆನು.