ಎರಡು ಬಾರಿ ನೆಲೆ ಕಟ್ಟಿದವರು: ಶರಾವತಿ ಕಣಿವೆಯ ಕೃಷಿ ಚರಿತ್ರೆ



ಶರಾವತಿಯ ಚರಿತ್ರೆಯೆಂದರೆ ಜೋಗದ ಜಲಪಾತ ಮತ್ತು ವಿದ್ಯುತ್ತಿನ ಚರಿತ್ರೆ ಎಂಬ ಭಾವನೆ ರೂಢಿಯಲ್ಲಿದೆ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಯ ಕಣಿವೆಯಲ್ಲಿ ಗದ್ದೆ-ತೋಟ ಕಟ್ಟಿದವರ ಚರಿತ್ರೆಯೂ ಅಷ್ಟೇ ಮುಖ್ಯವಾದುದು.

ಇಲ್ಲಿ ಮೊದಲು ನೆಲೆನಿಂತವರು ಕಂಡಲ್ಲೆಲ್ಲ ತೋಟ ಮಾಡಲಿಲ್ಲ. ಪಡುವಣ ಬಿಸಿಲು ನೇರವಾಗಿ ತಾಗದ, ಬೇಸಿಗೆಯಲ್ಲೂ ತೇವವಾರದ ಕಿರುಕಣಿವೆಗಳನ್ನು ಅಡಕೆಗೆ ಆರಿಸಿಕೊಂಡರು. ಕೆಳಗಿನ ಬಯಲನ್ನು ಭತ್ತಕ್ಕೆ ಬಿಟ್ಟರು. ಅಡಕೆಯ ಸಾಲುಗಳ ನಡುವೆ ಬಸಿಗಾಲುವೆ ತೆಗೆದು ಮಳೆನೀರು ಬೇರಿನಲ್ಲಿ ನಿಲ್ಲದಂತೆ ಮಾಡಿದರು. ಗುಡ್ಡದ ಒರತೆಯನ್ನು ಅಡಕೆದಬ್ಬೆಯ ಮೂಲಕ ಅಂಗಳಕ್ಕೆ ಇಳಿಸಿದರು. ಕೊಳೆರೋಗ ತಡೆಯಲು ಕೊನೆಗಳಿಗೆ ಕೊಟ್ಟೆ ಕಟ್ಟಿದರು. ಬೋರ್ಡೋ ದ್ರಾವಣದ ಸಿಂಪರಣೆ ಬಂದುದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರ ಸಂಶೋಧನೆಯ ನಂತರ. ತೋಟದ ಮೇಲಿನ ಕಾಡನ್ನು ಸೊಪ್ಪಿನ ಬೆಟ್ಟವಾಗಿ ಉಳಿಸಿಕೊಂಡರು. ಬೆಟ್ಟ ಬರಿದಾದರೆ ಗೊಬ್ಬರವೂ ಇಲ್ಲ, ಒರತೆಯೂ ಇಲ್ಲ ಎಂಬುದು ಅವರಿಗೆ ತಿಳಿದಿತ್ತು.

ಆ ಬದುಕನ್ನು ವೈಭವೀಕರಿಸಬೇಕಾಗಿಲ್ಲ. ಮಲೇರಿಯಾ ಮನೆಗಳನ್ನೇ ಬರಿದು ಮಾಡುತ್ತಿತ್ತು. ಉಳುವವನಿಗೆ ನೆಲದ ಒಡೆತನವಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದುದು ಇದೇ ಸಾಗರ ತಾಲ್ಲೂಕಿನಲ್ಲಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ, ಇಂತಹ ಗದ್ದೆ-ತೋಟಗಳು ಊರುಗಳೊಂದಿಗೆ ಮುಳುಗಿದವು. ಒಕ್ಕಲೆದ್ದವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಎರಡನೆಯ ಬಾರಿ ನೆಲೆ ಕಟ್ಟಬೇಕಾಯಿತು. ಮೊದಲ ಸಲ ಜಾಗವನ್ನು ನೀರು ಮತ್ತು ಮಣ್ಣು ನೋಡಿ ಆರಿಸಲಾಗಿತ್ತು. ಎರಡನೆಯ ಸಲ ಸರ್ಕಾರಿ ಆದೇಶ ಆರಿಸಿತು. ಅಡಕೆ ಸಸಿ ಫಲಕ್ಕೆ ಬರಲು ಐದಾರು ವರ್ಷಗಳಾದರೂ ಬೇಕು. ಅಷ್ಟು ಕಾಲ ಕುಟುಂಬ ಉಣ್ಣುವುದೇನನ್ನು? ಕೊಟ್ಟ ನೆಲ ಅರಣ್ಯದ ದಾಖಲೆಯಲ್ಲೇ ಉಳಿದುದರಿಂದ ಅನೇಕರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ನಂತರವೂ ಮುಗಿದಿಲ್ಲ. ಹಿನ್ನೀರಿನಾಚೆ ಉಳಿದ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚನ್ನೇ ನಂಬಿದರು. ಅವರಿಗೆ ಸೇತುವೆ ದೊರೆತುದು 2025ರ ಜುಲೈನಲ್ಲಿ.

ಕಳೆದುಹೋದ ಎಕರೆಗೆ ಬೆಲೆ ಕಟ್ಟಬಹುದು. ಯಾವ ಇಳಿಜಾರಿನಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆಂಬ ತಲೆಮಾರುಗಳ ತಿಳಿವಳಿಕೆಗೆ ಪರಿಹಾರದ ಪಟ್ಟಿಯಲ್ಲಿ ಕಲಮೇ ಇಲ್ಲ. ಇದೇ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಾಗಿರುವಾಗ ಈ ಮಾತು ಹಳೆಯದಲ್ಲ.

ಮುಳುಗಿದ ಊರುಗಳನ್ನು ಕಂಡ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಪ್ರತಿ ವಿದ್ಯಾರ್ಥಿಯೂ ಒಬ್ಬ ಹಿರಿಯರ ಬಳಿ ಕುಳಿತು ಅವರ ಊರಿನ ಹಳ್ಳ, ಒರತೆ, ತೋಟ, ಬೆಟ್ಟಗಳ ಹೆಸರನ್ನು ಬರೆದುಕೊಳ್ಳಲಿ. ನೆನಪಿನ ನಕ್ಷೆಯನ್ನು ಬಿಡಿಸಿಕೊಳ್ಳಲಿ. ಈ ಮಳೆಗಾಲದಲ್ಲೇ ಆ ಕೆಲಸ ಆರಂಭವಾಗಲಿ.